ದಿನಾಂಕ ಇಲ್ಲದ ಹಳೇ ಪೇಪರ್ ಕಟಿಂಗ್‌ಗಳು: ಸುಂಟಿಕೊಪ್ಪದ ಚರಿತ್ರೆ ಬರೆಯಲು ಸಹಾಯ ಬೇಕು

ಸುಂಟಿಕೊಪ್ಪದವನು

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಕೊಡಗಿನ ಸುಂಟಿಕೊಪ್ಪ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಪೇಪರ್ ಓದಿ ಮುಗಿಸಿದ ಮೇಲೆ ಬೇಕಾದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳುವುದು ಅವರ ರೂಢಿ. ಆ ಕಟಿಂಗ್‌ಗಳೆಲ್ಲ ಈಗ ಅಟ್ಟದ ಟ್ರಂಕ್‌ನಲ್ಲಿ ಸಿಕ್ಕಿವೆ. ತೋಟದ ಹಳೇ ಚೆಕ್‌ರೋಲ್ (ಹಾಜರಿ) ಪುಸ್ತಕಗಳ ನಡುವೆ ಇಟ್ಟಿದ್ದರಿಂದ ಮುದುಡದೆ ಉಳಿದಿವೆ.

ಮಳೆ, ರಸ್ತೆ, ಕಾಫಿ ಬೆಲೆ, ಆನೆ ಕಾಟ, ಶಾಲೆ ಕಟ್ಟಡ, ಹಾಕಿ, ಮಡಿಕೇರಿ ದಸರಾ, ಎಲ್ಲವೂ ಇದೆ. ದಿನಾಂಕ ಮಾತ್ರ ಇಲ್ಲ. ಸುದ್ದಿಯ ಅಂಚಿಗೇ ಕತ್ತರಿ ಹಾಕಿದ್ದಾರೆ. ಯಾವ ಪತ್ರಿಕೆ ಅನ್ನೋದೂ ಗೊತ್ತಾಗಲ್ಲ.

ನಮ್ಮೂರಿನ ಬಗ್ಗೆ ಬರೆದಿರುವುದು ತೀರಾ ಕಡಿಮೆ. ಮಡಿಕೇರಿಗೆ ಕೋಟೆ ಇದೆ, ಹಾಲೇರಿ ರಾಜರಿದ್ದಾರೆ, ಗದ್ದಿಗೆ ಇದೆ, 1834ರಲ್ಲಿ ಬ್ರಿಟಿಷರು ರಾಜ್ಯ ಕಿತ್ತುಕೊಂಡ ಕಥೆ ಇದೆ. ಸುಂಟಿಕೊಪ್ಪ, ಸಿದ್ದಾಪುರ, ಶನಿವಾರಸಂತೆ ಎಂದ ಕೂಡಲೇ ಅರ್ಧ ಪುಟಕ್ಕೆ ಮುಗಿಯುತ್ತದೆ. ಈ ಕಟಿಂಗ್‌ಗಳಿಂದ ಆ ಕೊರತೆ ಸ್ವಲ್ಪ ತುಂಬಬೇಕು ಅನ್ನೋದು ನನ್ನ ಆಸೆ.

ಒಂದು ಉದಾಹರಣೆ ಹಾಕುತ್ತೇನೆ. ಶುರುವಿನಲ್ಲಿ ‘ಸುಂಟಿಕೊಪ್ಪ, ಜು. 2’ ಎಂದಿದೆ. ‘ಇಂದು ಭಾನುವಾರ’ ಮಳೆ ಬಿಟ್ಟಿಲ್ಲ, ಗದ್ದೆಗಳಲ್ಲಿ ನೀರು ನಿಂತಿದೆ, ಬಸ್ಸು ಬಂದಿಲ್ಲ ಎಂದು ಬರೆದಿದ್ದಾರೆ. ವರ್ಷ ಇಲ್ಲ. ಪಕ್ಕದಲ್ಲಿ ಅಜ್ಜ ನೀಲಿ ಪೆನ್ಸಿಲ್‌ನಲ್ಲಿ ಒಂದು ಗೀಟು ಎಳೆದಿದ್ದಾರೆ, ಅಷ್ಟೇ. ಇಂಥದಕ್ಕೆ ವರ್ಷ ಹಚ್ಚೋದು ಹೇಗೆ?

ಕುಶಾಲನಗರದ ಮೇಷ್ಟ್ರು

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಮೊದಲು ಕಟಿಂಗ್ ತಿರುಗಿಸಿ ನೋಡಿ. ನಿಮ್ಮ ಅಜ್ಜ ಮುಂದಿನ ಸುದ್ದಿಗಾಗಿ ಕತ್ತರಿಸಿದರು. ನಿಮಗೆ ಬೇಕಾದದ್ದು ಹಿಂದಿನ ಮಗ್ಗುಲಲ್ಲಿ ಇರಬಹುದು. ಅಲ್ಲಿ ಅರ್ಧ ಜಾಹೀರಾತು ಇದ್ದರೂ ಸಾಕು.

ಬೆಲೆ ಹೇಗೆ ಬರೆದಿದ್ದಾರೆ ನೋಡಿ. ರೂಪಾಯಿ, ಆಣೆ, ಪೈ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನ.ಪೈ.’ ಅಂದರೆ ನಯಾ ಪೈಸೆ. ಅದು ಶುರುವಾದದ್ದು 1957ರ ಏಪ್ರಿಲ್ 1ಕ್ಕೆ, ‘ನಯಾ’ ಬಿಟ್ಟುಹೋದದ್ದು 1964ರ ಜೂನ್‌ನಲ್ಲಿ. ತೂಕ ರಾತ್ಲು, ಸೇರು, ಮಣದಲ್ಲಿ ಇದೆಯೋ, ಕೆ.ಜಿ.ಯಲ್ಲಿ ಇದೆಯೋ ನೋಡಿ. 1962ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಮೆಟ್ರಿಕ್ ತೂಕ ಕಡ್ಡಾಯವಾಯಿತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು.

ನಮ್ಮ ಕೊಡಗಿನದೇ ಗುರುತುಗಳೂ ಇವೆ. ‘ಕೊಡಗು ರಾಜ್ಯ’, ‘ಮುಖ್ಯಮಂತ್ರಿ ಪೂಣಚ್ಚ’ ಎಂದಿದ್ದರೆ 1952ರಿಂದ 1956ರ ಅಕ್ಟೋಬರ್ ಒಳಗಿನದು. ಆಗ ನಾವು ‘ಸಿ’ ದರ್ಜೆ ರಾಜ್ಯ. ವಿಧಾನಸಭೆಯಲ್ಲಿ 24 ಜನ, ಮಂತ್ರಿಗಳು ಇಬ್ಬರೇ, ಸಿ.ಎಂ. ಪೂಣಚ್ಚ ಮತ್ತು ಕುಟ್ಟೂರು ಮಲ್ಲಪ್ಪ. ಆದರೆ ‘ಚೀಫ್ ಕಮಿಷನರ್’ ಎಂಬ ಪದ ನೋಡಿ ಬ್ರಿಟಿಷರ ಕಾಲ ಎಂದು ತೀರ್ಮಾನಿಸಬೇಡಿ. ಆ ಹುದ್ದೆ 1956ರ ತನಕ ಇತ್ತು.

ಸುಂಟಿಕೊಪ್ಪದವನು

ಮೇಷ್ಟ್ರೇ, ತಿರುಗಿಸಿದೆ! ಹಿಂದೆ ಕಾಫಿ ಪುಡಿ ಅಂಗಡಿಯ ಜಾಹೀರಾತು. ಅಂಗಡಿ ಹೆಸರು ಕತ್ತರಿಗೆ ಹೋಗಿದೆ. ‘ರಾತ್ಲಿಗೆ’ ಅನ್ನೋದು ಚೆನ್ನಾಗಿ ಕಾಣುತ್ತದೆ. ಬೆಲೆಯ ಅಂಕಿ ಹರಿದಿದೆ, ಕೊನೆಯ ‘ನ.ಪೈ.’ ಮಾತ್ರ ಉಳಿದಿದೆ. ಮೇಲಿನ ಅಂಚಿನಲ್ಲಿ ಪಂಚಾಂಗದ ಸಾಲು ಇದ್ದ ಹಾಗಿದೆ. ‘ಪ್ಲವ’ ಎಂದು ಓದಬಹುದು, ಆಮೇಲೆ ಕಾಗದವೇ ಇಲ್ಲ.

ಕುಶಾಲನಗರದ ಮೇಷ್ಟ್ರು

ಹಾಗಾದರೆ ಹತ್ತಿರ ಬಂದೆವು. ನಯಾ ಪೈಸೆ ಇರುವುದರಿಂದ 1957ರಿಂದ 1964ರ ಒಳಗೆ. ಆ ವರ್ಷಗಳಲ್ಲಿ ಜುಲೈ 2 ಭಾನುವಾರ ಬಿದ್ದದ್ದು 1961ರಲ್ಲಿ ಮಾತ್ರ. 1961ರ ಯುಗಾದಿಯಿಂದ ಪ್ಲವ ಸಂವತ್ಸರ. ಮೂರೂ ಕೂಡಿ ಬರುತ್ತಿವೆ.

ಹೂಮಳೆ

ಮೇಷ್ಟ್ರೇ, ಒಂದು ಮಾತು. ಅಂಚು ಹರಿದಿದೆ ಅಂತ ಅವರೇ ಹೇಳಿದ್ದಾರೆ. ಅದು ‘ಪ್ಲವಂಗ’ವೂ ಆಗಿರಬಹುದು ಅಲ್ವಾ? ಪ್ಲವಂಗ ಸಂವತ್ಸರ 1967ರಲ್ಲಿ. ಆ ವರ್ಷವೂ ಜುಲೈ 2 ಭಾನುವಾರವೇ. ಕ್ಯಾಲೆಂಡರ್ ನೋಡಿಯೇ ಹೇಳುತ್ತಿದ್ದೇನೆ.

ಕುಶಾಲನಗರದ ಮೇಷ್ಟ್ರು

ಇದು ನಿಜಕ್ಕೂ ಮುಖ್ಯವಾದ ಮಾತು. ವಾರವೂ ಸಂವತ್ಸರವೂ ಎರಡು ವರ್ಷಕ್ಕೆ ಹೊಂದುತ್ತಿವೆ ಅಂದಮೇಲೆ ಅವೆರಡನ್ನೇ ನಂಬುವ ಹಾಗಿಲ್ಲ. ಉಳಿಯುವುದು ಜಾಹೀರಾತು. ‘ನಯಾ’ ಬಿಟ್ಟುಹೋದ ಮೇಲೂ ಕೆಲವು ಅಂಗಡಿಯವರು ಹಳೇ ಅಚ್ಚಿನ ಬ್ಲಾಕನ್ನೇ ಬಳಸಿರಬಹುದು. ಆದರೆ ನಯಾ ಪೈಸೆಯ ಜೊತೆಗೆ ರಾತ್ಲೂ ಇದೆ. 1967ರಲ್ಲಿ ಎರಡೂ ಒಟ್ಟಿಗೆ ಉಳಿದಿರುವುದು ಕಷ್ಟ. ನನ್ನ ಓಟು 1961ಕ್ಕೆ. ಆದರೂ ಬೇರೆ ಕಡೆಯಿಂದ ಒಂದು ಸಾಕ್ಷಿ ಸಿಗುವ ತನಕ ಪೆನ್ಸಿಲ್‌ನಲ್ಲೇ ಬರೆದಿಡಿ.

ಹೂಮಳೆ

ಆ ಸಾಕ್ಷಿ ನಮ್ಮ ಮನೆಯಲ್ಲಿ ಇದೆ. ನಮ್ಮದು ಮಾದಾಪುರ ಕಡೆಯ ತೋಟ. ನಮ್ಮಪ್ಪ, ಅವರಪ್ಪ ಎಲ್ಲರೂ ದಿನಾ ಬೆಳಿಗ್ಗೆ ಮಳೆಮಾಪನ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಇಂಚು ಮತ್ತು ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು). ಮೆಟ್ರಿಕ್ ಬಂದು ಇಷ್ಟು ಕಾಲವಾದರೂ ನಾವಿನ್ನೂ ‘ಒಂದು ಇಂಚು ಇಪ್ಪತ್ತು ಸೆಂಟ್ ಬಂತು’ ಅಂತಲೇ ಹೇಳೋದು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದರೆ ಆ ಅಂಕಿಗೆ ಕೆಂಪು ಶಾಯಿ. ಕೊಡಗಿನಲ್ಲಿ ಇಂಥ ಪುಸ್ತಕ ಇಲ್ಲದ ಹಳೇ ತೋಟ ಕಡಿಮೆ.

1961 ಮತ್ತು 1967, ಎರಡೂ ವರ್ಷದ ಪುಟ ತೆಗೆದು ನೋಡಿದೆ. 1961ರಲ್ಲಿ ಜೂನ್ ಕೊನೆಯ ವಾರದಿಂದ ದಿನಾ ದೊಡ್ಡ ದೊಡ್ಡ ಅಂಕಿ. ಜುಲೈ ಮೊದಲ ವಾರವೂ ಹಾಗೇ. 1967ರ ಅದೇ ದಿನಗಳಲ್ಲಿ ಮಳೆ ಇದೆ, ಆದರೆ ಬಸ್ಸು ನಿಲ್ಲುವಂಥದ್ದಲ್ಲ. 1961ರಲ್ಲಿ ಕೇರಳದಲ್ಲೂ ಜೂನ್ ಕೊನೆಯಿಂದ ದೊಡ್ಡ ಪ್ರವಾಹ ಬಂದಿತ್ತು. 1924ರ ದೊಡ್ಡ ನೆರೆಯಾದ ಮೇಲೆ ಅಂಥ ಮಳೆ ಕಂಡದ್ದು ಆಗಲೇ ಎಂದು ನಮ್ಮ ಅಜ್ಜ ಹೇಳುತ್ತಿದ್ದರು.

ಸುಂಟಿಕೊಪ್ಪದವನು

ಅಣ್ಣ, ಮೈ ಜುಮ್ ಎಂದಿತು! ಒಂದು ಸಣ್ಣ ಕಾಗದದ ತುಂಡಿಗೆ ನಿಮ್ಮ ಮನೆಯ ಪುಸ್ತಕ ಸಾಕ್ಷಿ ಹೇಳಿತು. ಆ ಪುಟದ ಫೋಟೋ ಕಳಿಸಿದರೆ ಕಟಿಂಗ್ ಜೊತೆಗೇ ಇಡುತ್ತೇನೆ.

ನಾಪೋಕ್ಲು ಅಕ್ಕ

ನಾನೂ ಇದೇ ದಾರಿಯಲ್ಲಿ ಇದ್ದೇನೆ, ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕಾಗದಗಳಿಂದ. ನನ್ನ ಅನುಭವ ಹೇಳುತ್ತೇನೆ. ದೊಡ್ಡ ತಲೆಬರಹದ ಸುದ್ದಿಗೆ ಜಾಸ್ತಿ ಸಮಯ ಕೊಡಬೇಡಿ. ಮಂತ್ರಿ ಬಂದರು, ಸೇತುವೆ ಉದ್ಘಾಟನೆ ಮಾಡಿದರು ಎಂಬುದು ಬೇರೆ ಕಡೆಯೂ ಸಿಗುತ್ತದೆ. ಸಣ್ಣ ಅಕ್ಷರದ ನೋಟಿಸ್‌ಗಳು ಬೇರೆಲ್ಲೂ ಸಿಗುವುದಿಲ್ಲ. ಪೈಸಾರಿ (ಸರ್ಕಾರದ ಪಾಳು) ಜಾಗದ ಹರಾಜು, ಮರದ ಹರಾಜು, ಮುನ್ಸಿಫ್ ಕೋರ್ಟಿನ ಪ್ರಕಟಣೆ, ಬಸ್ಸಿನ ವೇಳೆ ಬದಲಾವಣೆ, ಕಳೆದುಹೋದ ಎತ್ತು, ಸಂತೆಯ ದಿನ ಬದಲು. ಊರು ಹೇಗೆ ಬದುಕುತ್ತಿತ್ತು ಅನ್ನೋದು ಅಲ್ಲಿದೆ.

ಕಾಫಿಯದೇ ತಗೊಳ್ಳಿ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಪೂಲ್‌ಗೇ ಕೊಡಬೇಕಿತ್ತು. ದುಡ್ಡು ಒಂದೇ ಸಲ ಬರುತ್ತಿರಲಿಲ್ಲ, ಕಂತಿನಲ್ಲಿ ಬರುತ್ತಿತ್ತು. ‘ಪೂಲ್ ಕಂತು ಬಿಡುಗಡೆ’ ಎಂಬ ಎರಡು ಸಾಲಿನ ಸುದ್ದಿಯನ್ನು ನಮ್ಮ ತಾತ ಅಷ್ಟು ಜೋಪಾನವಾಗಿ ಕತ್ತರಿಸಿ ಇಟ್ಟಿದ್ದು ಯಾಕೆ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಮನೆಯ ಲೆಕ್ಕದ ಪುಸ್ತಕದ ಜೊತೆ ಇಟ್ಟು ನೋಡಿದಾಗ ಎಲ್ಲ ಅರ್ಥವಾಯಿತು. ಕಂತು ಬಂದ ತಿಂಗಳಲ್ಲೇ ಶಾಲೆ ಫೀಸು, ಹೆಂಚು ಬದಲಾವಣೆ, ಮದುವೆ ಸೀರೆ. 1975ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದ ಸುದ್ದಿಯೂ ಅವರ ಕಟಿಂಗ್‌ನಲ್ಲಿದೆ. ಅದಾದ ಮೇಲೆ ಪ್ರಪಂಚದಲ್ಲೆಲ್ಲ ಕಾಫಿ ಬೆಲೆ ಏರಿತು. ನಾಪೋಕ್ಲಿನ ಒಂದು ಮನೆಯವರು ಬ್ರೆಜಿಲ್‌ನ ಹವೆ ಯಾಕೆ ನೋಡುತ್ತಿದ್ದರು ಅನ್ನೋದಕ್ಕೆ ಬೇರೆ ಉತ್ತರ ಬೇಕಿಲ್ಲ.

ಇನ್ನೊಂದು. ನಿಮ್ಮ ಸುಂಟಿಕೊಪ್ಪ ಎಂದರೆ ನನಗೆ ಮೊದಲು ನೆನಪಾಗುವುದು ಕಥೆಗಾರ್ತಿ ಕೊಡಗಿನ ಗೌರಮ್ಮ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತವರು. ಗಾಂಧೀಜಿ ಗುಂಡುಕುಟ್ಟಿ ತೋಟದ ಆ ಮನೆಗೆ ಬಂದರು, ಗೌರಮ್ಮ ತಮ್ಮ ಒಡವೆ ಕೊಟ್ಟರು. 1939ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 27. ಆ ಕಾಲದ ಒಂದು ತುಣುಕು ನಿಮ್ಮ ಟ್ರಂಕ್‌ನಲ್ಲಿ ಇದ್ದರೆ ದಯವಿಟ್ಟು ಬೇರೆಯಾಗಿ ತೆಗೆದಿಡಿ.

ಬರೆ ಪಕ್ಕದ ಮನೆ

ಒಳಗಿನ ವಿಷಯ ಎಲ್ಲ ಸರಿ. ಮೊದಲು ಫೋಟೋ ತೆಗೆಯಿರಿ, ಇವತ್ತೇ. ನಮ್ಮದು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಬರೆ, ಅಂದರೆ ಪಕ್ಕದ ಗುಡ್ಡದ ಇಳಿಜಾರು, ಜರಿದು ಮನೆಯ ಒಂದು ಭಾಗವೇ ಹೋಯಿತು. ಅಪ್ಪನ ಕಾಗದದ ಪೆಟ್ಟಿಗೆ ಆ ಭಾಗದಲ್ಲಿತ್ತು. ತಂಗಿ ಹಿಂದಿನ ವರ್ಷ ಸುಮ್ನೆ ಮೊಬೈಲ್‌ನಲ್ಲಿ ತೆಗೆದಿದ್ದ ಕೆಲವು ಫೋಟೋ ಮಾತ್ರ ಈಗ ನಮ್ಮ ಹತ್ತಿರ ಇರುವುದು.

ತೆಗೆಯುವಾಗ ಎರಡೂ ಮಗ್ಗುಲು ತೆಗೆಯಿರಿ. ಕಿಟಕಿ ಪಕ್ಕ ಇಟ್ಟು, ನೇರ ಬಿಸಿಲು ಬೀಳದ ಹಾಗೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಯಾವ ಪುಸ್ತಕದ ಯಾವ ಪುಟದ ನಡುವೆ ಇತ್ತು ಅನ್ನೋದನ್ನೂ ಚೀಟಿಯಲ್ಲಿ ಬರೆದು ಜೊತೆಗೇ ಫೋಟೋ ತೆಗೆಯಿರಿ.

ಸುಂಟಿಕೊಪ್ಪದವನು

ನಿಮ್ಮ ಮನೆಯ ವಿಷಯ ಓದಿ ಬೇಜಾರಾಯಿತು. ಇವತ್ತೇ ಶುರು ಮಾಡುತ್ತೇನೆ. ಲ್ಯಾಮಿನೇಷನ್ ಮಾಡಿಸೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ ಅನ್ನೋ ಭಯ.

ಕುಶಾಲನಗರದ ಮೇಷ್ಟ್ರು

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಪೇಪರ್‌ನ ಕಾಗದ ಅಗ್ಗದ ಮರದ ತಿರುಳಿನದು, ಅದರೊಳಗಿನ ಆಮ್ಲವೇ ಅದನ್ನು ಹಳದಿ ಮಾಡಿ ಪುಡಿ ಮಾಡುತ್ತದೆ. ಪ್ಲಾಸ್ಟಿಕ್ ಒಳಗೆ ಹಾಕಿದರೂ ಆ ಕೆಲಸ ನಿಲ್ಲುವುದಿಲ್ಲ. ಸೆಲ್ಲೋ ಟೇಪ್, ಗೋಂದು, ಸ್ಟೇಪಲ್ ಪಿನ್ ಯಾವುದೂ ಬೇಡ. ಆಮ್ಲವಿಲ್ಲದ ಕಾಗದದ ಹಾಳೆಗಳ ನಡುವೆ ಒಂದೊಂದೇ ಇಟ್ಟು, ಸಪಾಟಾದ ಪೆಟ್ಟಿಗೆಯಲ್ಲಿ ಇಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಗೋಡೆಗೆ ತಾಗಿಸಿ ಇಡಬೇಡಿ, ನಮ್ಮ ಜೂನ್ ಜುಲೈನಲ್ಲಿ ಗೋಡೆಯೇ ನೀರು ಬಿಡುತ್ತದೆ. ಒದ್ದೆಯಾದದ್ದನ್ನು ಬಿಸಿಲಿಗೂ ಒಲೆ ಹತ್ತಿರಕ್ಕೂ ಹಿಡಿಯಬೇಡಿ, ಫ್ಯಾನ್ ಗಾಳಿಗೆ ಆರಲಿ.

ಲೈನ್‌ಮನೆ ಮೊಮ್ಮಗಳು

ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ವಿಷಯ ಕೇಳಲೇಬೇಕು.

ನಮ್ಮ ಅಜ್ಜಿ ತಾತ ತೋಟದ ಲೈನ್‌ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ ಇದ್ದವರು. ಘಟ್ಟದ ಕೆಳಗಿಂದ ಮೇಸ್ತ್ರಿ ಕರೆದುಕೊಂಡು ಬಂದದ್ದು. ನಾನೂ ಹಳೇ ಪೇಪರ್‌ಗಳಲ್ಲಿ ಹುಡುಕಿದ್ದೇನೆ. ನಮ್ಮವರು ಪೇಪರ್‌ನಲ್ಲಿ ಬರುವುದು ಆನೆ ತುಳಿದಾಗ, ಹೊಳೆಯಲ್ಲಿ ಕೊಚ್ಚಿಹೋದಾಗ, ಪೊಲೀಸ್ ಕೇಸ್ ಆದಾಗ. ಆಗಲೂ ‘ಓರ್ವ ಕೂಲಿ ಹೆಂಗಸು’ ಅಂತ, ಹೆಸರೇ ಇರುವುದಿಲ್ಲ. ಬುಡಕಟ್ಟಿನ ಎರವರು, ಕುರುಬರ ವಿಷಯವೂ ಹೀಗೇ. ಅದೇ ಪುಟದಲ್ಲಿ ಯಾರ ಮದುವೆಗೆ ಯಾರು ಬಂದಿದ್ದರು ಅನ್ನೋದು ಪೂರ್ತಿ ಹೆಸರಿನ ಜೊತೆ ಇರುತ್ತದೆ. ಪೇಪರ್ ಕಟಿಂಗ್‌ನಿಂದ ಊರಿನ ಚರಿತ್ರೆ ಬರೆದರೆ ಅದರಲ್ಲಿ ನಾವು ಎಲ್ಲಿ ಇರುತ್ತೇವೆ? ಊರಲ್ಲಿ ಕಾಫಿ ಕುಯ್ದವರು ನಾವೇ ತಾನೇ.

ಕೋಪದಿಂದ ಹೇಳುತ್ತಿಲ್ಲ. ಈ ಕೆಲಸ ಸರಿಯಾಗಿ ಆಗಬೇಕು ಅನ್ನೋ ಆಸೆಯಿಂದ ಹೇಳುತ್ತಿದ್ದೇನೆ.

ನಾಪೋಕ್ಲು ಅಕ್ಕ

ನೀನು ಹೇಳಿದ್ದು ಪೂರ್ತಿ ನಿಜ ತಂಗಿ. ಪೇಪರ್ ಬರೆದವರೂ ಓದಿದವರೂ ಕತ್ತರಿಸಿದವರೂ ಒಂದೇ ಕಡೆಯವರು. ಕೊಡಗು ಮೈಸೂರಿನ ಜೊತೆ ವಿಲೀನವಾದ ವಿಷಯದಲ್ಲೂ ನಾನು ಇದನ್ನು ಕಂಡಿದ್ದೇನೆ. ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ಕೊಡಗು ಬೇರೆಯಾಗೇ ಇರಲಿ ಎಂದಿತು, ಕಾಂಗ್ರೆಸ್‌ನವರ ನಿಲುವು ಬೇರೆ. ಯಾವ ಮನೆಯವರು ಯಾವ ಪಕ್ಷವೋ ಆ ಕಡೆಯ ಸುದ್ದಿ ಮಾತ್ರ ಆ ಮನೆಯ ಟ್ರಂಕ್‌ನಲ್ಲಿ ಇರುತ್ತದೆ. ಒಂದೇ ಮನೆಯ ಕಟಿಂಗ್ ಓದಿದರೆ ಊರೆಲ್ಲ ಒಂದೇ ಮಾತು ಆಡುತ್ತಿತ್ತು ಅನ್ನಿಸುತ್ತದೆ. ಲೈನ್‌ಮನೆಯಲ್ಲಿ ಟ್ರಂಕೂ ಇರಲಿಲ್ಲ, ಪೇಪರೂ ಬರುತ್ತಿರಲಿಲ್ಲ.

ಆದರೂ ಪೇಪರ್‌ನಲ್ಲಿ ಹುಡುಕುವ ಜಾಗ ಒಂದೆರಡು ಇವೆ. ತೋಟ ಕಾರ್ಮಿಕರ ಕಾಯ್ದೆ ಬಂದದ್ದು 1951ರಲ್ಲಿ. ಆಮೇಲೆ ಮನೆ, ಆಸ್ಪತ್ರೆ, ಶಿಶುವಿಹಾರ, ಬೋನಸ್ ವಿಷಯದ ಸಂಘದ ಸುದ್ದಿಗಳು ಬರತೊಡಗಿದವು. ಜೀತ ರದ್ದಾದದ್ದು 1975ರ ಅಕ್ಟೋಬರ್‌ನಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ. ಆ ಹೊತ್ತಿನ ಪೇಪರ್‌ಗಳಲ್ಲಿ ಎರವರ ಸುದ್ದಿಗಾಗಿ ಹುಡುಕಬೇಕು.

ಹೂಮಳೆ

ನಮ್ಮ ಮಳೆ ಪುಸ್ತಕಕ್ಕೂ ಇದು ಹೊಂದುತ್ತದೆ. ಮಳೆ ಎಷ್ಟು ಬಂತು ಅನ್ನೋದು ಒಂದು ಸೆಂಟ್ ಬಿಡದೆ ಇದೆ. ಆ ಮಳೆಯಲ್ಲಿ ಯಾರು ಕೆಲಸ ಮಾಡಿದರು ಅನ್ನೋದು ಇಲ್ಲ.

ಲೈನ್‌ಮನೆ ಮೊಮ್ಮಗಳು

ಅಣ್ಣ, ಅದಕ್ಕೇ ನಾನು ಮೊದಲ ಪೋಸ್ಟ್ ಮತ್ತೆ ಓದಿದೆ. ಸುಂಟಿಕೊಪ್ಪದ ಅಣ್ಣ ಕಟಿಂಗ್‌ಗಳು ಚೆಕ್‌ರೋಲ್ ಪುಸ್ತಕಗಳ ನಡುವೆ ಇದ್ದವು ಎಂದರು. ಎಲ್ಲರೂ ಕಟಿಂಗ್ ಬಗ್ಗೆ ಕೇಳಿದಿರಿ. ಆ ಪುಸ್ತಕದ ಬಗ್ಗೆ ಯಾರೂ ಕೇಳಲಿಲ್ಲ.

ಚೆಕ್‌ರೋಲ್‌ನಲ್ಲಿ ಆಳುಗಳ ಹೆಸರು ಇರುತ್ತದೆ. ದಿನಾ ಯಾರು ಬಂದರು, ಯಾರು ಬರಲಿಲ್ಲ, ಕೂಲಿ ಎಷ್ಟು, ಮುಂಗಡ ಎಷ್ಟು ಕಳೆದರು, ಎಲ್ಲ. ನನ್ನ ಅಜ್ಜಿಯ ಹೆಸರು ಸರ್ಕಾರಿ ಕಾಗದದಲ್ಲಿ ಬಂದದ್ದು ತುಂಬ ತಡವಾಗಿ. ಅದಕ್ಕೂ ಮೊದಲು ಅವರ ಹೆಸರನ್ನು ಯಾರಾದರೂ ಬರೆದಿದ್ದರೆ ಅದು ತೋಟದ ರೈಟರ್ ಮಾತ್ರ.

ಅಣ್ಣ, ಆ ಪುಸ್ತಕಗಳು ಇನ್ನೂ ಇವೆಯಾ?

ಸುಂಟಿಕೊಪ್ಪದವನು

ಇವೆ. ನಿಮ್ಮ ಮಾತು ಓದಿದ ಕೂಡಲೇ ಹೋಗಿ ತೆರೆದೆ.

ಅಜ್ಜನ ಅಕ್ಷರ. ಎಡಕ್ಕೆ ಹೆಸರು, ಆಮೇಲೆ ತಿಂಗಳ ಒಂದೊಂದು ದಿನಕ್ಕೆ ಒಂದೊಂದು ಸಣ್ಣ ಚೌಕ. ಬಂದ ದಿನ ಗೀಟು, ಬಾರದ ದಿನ ಸೊನ್ನೆ. ಗಂಡಾಳು ಒಂದು ಕಡೆ, ಹೆಣ್ಣಾಳು ಒಂದು ಕಡೆ, ಕೂಲಿ ಬೇರೆ ಬೇರೆ. ಕೆಲವು ಹೆಣ್ಣಾಳುಗಳ ಸಾಲಿನಲ್ಲಿ ಗೀಟು ನಿಂತು ಕೆಲವು ವಾರ ಖಾಲಿ ಇದೆ. ಪಕ್ಕದಲ್ಲಿ ‘ಹೆರಿಗೆ’ ಎಂದು ಬರೆದಿದ್ದಾರೆ.

1961ರ ಪುಸ್ತಕವೂ ಇದೆ. ಜುಲೈ ಪುಟ ನೋಡಿದೆ. ಪೇಪರ್ ಪ್ರಕಾರ ಬಸ್ಸು ಬರಲಿಲ್ಲ, ಊರು ನಿಂತೇ ಹೋಗಿತ್ತು. ಭಾನುವಾರ ರಜೆ, ಸರಿ. ಸೋಮವಾರ 3ನೇ ತಾರೀಕಿನ ಚೌಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗೀಟುಗಳಿವೆ. ಆ ಮಳೆಯಲ್ಲೂ ಕೆಲಸಕ್ಕೆ ಬಂದಿದ್ದಾರೆ. ಪ್ರತಿಯೊಬ್ಬರ ಹೆಸರೂ ಇದೆ.

ನಾನು ಬರೆಯಬೇಕೆಂದಿದ್ದ ಚರಿತ್ರೆಗೆ ಈ ಪುಸ್ತಕಗಳೇ ಮೊದಲು ಬರಬೇಕು. ಕಟಿಂಗ್‌ಗಳು ಅದರ ಪಕ್ಕಕ್ಕೆ.

ಕುಶಾಲನಗರದ ಮೇಷ್ಟ್ರು

ಇದಕ್ಕಿಂತ ಒಳ್ಳೆಯ ಆಧಾರ ನಾನು ಕಂಡಿಲ್ಲ. ಮಳೆ ಪುಸ್ತಕ, ಪೇಪರ್, ಚೆಕ್‌ರೋಲ್, ಮೂರೂ ಒಂದೇ ವಾರದ ಬಗ್ಗೆ ಮಾತಾಡುತ್ತಿವೆ.

ಒಂದು ಎಚ್ಚರಿಕೆ. ಚೆಕ್‌ರೋಲ್‌ನಲ್ಲಿ ಸಾಲದ ಲೆಕ್ಕ ಇರುತ್ತದೆ, ಕೋರ್ಟ್ ನೋಟಿಸ್‌ಗಳಲ್ಲಿ ಯಾರ ತೋಟ ಹರಾಜಾಯಿತು ಅನ್ನೋದು ಇರುತ್ತದೆ. ನಮ್ಮದು ಚಿಕ್ಕ ಜಿಲ್ಲೆ, ಮನೆಹೆಸರು ಹೇಳಿದರೆ ಮನೆ ಗೊತ್ತಾಗುತ್ತದೆ. ಆ ಮಕ್ಕಳು, ಮೊಮ್ಮಕ್ಕಳು ಇನ್ನೂ ಇಲ್ಲೇ ಇದ್ದಾರೆ. ಇಂಥ ಪುಟಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುವ ಮೊದಲು ಆ ಮನೆಯವರನ್ನು ಕೇಳಿ. ಕೇಳಲು ಆಗದಿದ್ದರೆ ಹೆಸರು ಮುಚ್ಚಿ ಹಾಕಿ.

ಇನ್ನು ಪತ್ರಿಕೆ ಯಾವುದು ಅನ್ನೋದು. ಮಡಿಕೇರಿಯ ‘ಶಕ್ತಿ’ ಶುರುವಾದದ್ದು 1957ರಲ್ಲಿ, ‘ಪ್ರಜಾವಾಣಿ’ 1948ರಲ್ಲಿ. 1961ರ ಸುದ್ದಿಗೆ ಎರಡನ್ನೂ ನೋಡಬೇಕು. ಸುಂಟಿಕೊಪ್ಪದಷ್ಟು ಚಿಕ್ಕ ಊರಿನ ಸುದ್ದಿ ಅಂದರೆ ಮೊದಲು ಸ್ಥಳೀಯ ಪತ್ರಿಕೆಯ ಹಳೇ ಕಟ್ಟು ಕೇಳಿ. ಜುಲೈ 3, 4, 5 ಮೂರೂ ದಿನದ್ದು ನೋಡಿ. ಆಗ ಸುದ್ದಿ ಬಸ್ಸಿನಲ್ಲಿ ಹೋಗಬೇಕಿತ್ತು, ಆ ಬಸ್ಸೇ ನಿಂತಿತ್ತು. ಪೂರ್ತಿ ಪುಟ ಸಿಕ್ಕಿದರೆ ಕೊನೆಯ ಪುಟದ ಅಡಿಯನ್ನೂ ಫೋಟೋ ತೆಗೆಯಿರಿ. ಆಗಿದ್ದ 1867ರ ಕಾಯ್ದೆ ಪ್ರಕಾರ ಮುದ್ರಕರು, ಪ್ರಕಾಶಕರು, ಮುದ್ರಿಸಿದ ಜಾಗ ಪ್ರತಿ ಸಂಚಿಕೆಯಲ್ಲೂ ಇರಲೇಬೇಕಿತ್ತು.

ಬರೆ ಪಕ್ಕದ ಮನೆ

ಚೆಕ್‌ರೋಲ್ ಫೋಟೋ ತೆಗೆಯಲು ಇನ್ನೊಬ್ಬರು ಬೇಕಾದರೆ ನಾನು ಬರುತ್ತೇನೆ. ಹೊಲಿಗೆ ಬಿಟ್ಟ ಪುಸ್ತಕವನ್ನು ಒಬ್ಬರೇ ಹಿಡಿದು ತೆಗೆಯಲು ಆಗಲ್ಲ. ನನ್ನ ಹತ್ತಿರ ಸ್ಟ್ಯಾಂಡ್ ಇದೆ.

ಸುಂಟಿಕೊಪ್ಪದವನು

ಖಂಡಿತ ಬನ್ನಿ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಆದ ಮೇಲೆ ಮಳೆ ಸ್ವಲ್ಪ ಬಿಟ್ಟಿರುತ್ತದೆ, ಆಗ ಇಟ್ಟುಕೊಳ್ಳೋಣ. ಊಟ ನಮ್ಮ ಮನೆಯಲ್ಲೇ. ತಂಗಿ, ನೀವೂ ಬರಬೇಕು. ಹೆಸರುಗಳನ್ನು ಓದಲು ನೀವು ಬೇಕು. ಕೆಲವು ತುಳು, ಕೆಲವು ಮಲಯಾಳ, ಅಜ್ಜ ಕಿವಿಗೆ ಕೇಳಿದ ಹಾಗೆ ಬರೆದುಕೊಂಡಿದ್ದಾರೆ.

ಲೈನ್‌ಮನೆ ಮೊಮ್ಮಗಳು

ಬರುತ್ತೇನೆ ಅಣ್ಣ. ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ಅವರಿಗೆ ಆ ಕಾಲದ ಸುಮಾರು ಜನ ಗೊತ್ತು. ಅದಕ್ಕೂ ಮೊದಲು ಒಂದು ಉಪಕಾರ ಮಾಡಿ. 1958ರಿಂದ 1963ರ ತನಕದ ಹೆಣ್ಣಾಳು ಪುಟಗಳನ್ನು ಮೊಬೈಲ್‌ನಲ್ಲೇ ತೆಗೆದು ನನಗೆ ಕಳಿಸಿ. ಅಜ್ಜಿ ಸುಂಟಿಕೊಪ್ಪ ಕಡೆಯ ತೋಟ ಎಂದಷ್ಟೇ ಹೇಳುತ್ತಿದ್ದರು, ಯಾವ ತೋಟ ಎಂದು ಅಮ್ಮನಿಗೂ ಗೊತ್ತಿಲ್ಲ. ಹೆಸರು ನಿಮಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ.